ಬೇಕರಿ ಮುಂದಿನ ಕಪ್ಪು ಗಾಡಿ

ಹೆಸರು ಸೋಲ್ವೈ ಡಾಲ್ಗೋರ್, ವಯಸ್ಸು 52, ಉದ್ಯೋಗ ಪುರಸಭೆಯ ಸೋಂಕು ನಿಯಂತ್ರಣ ನರ್ಸ್, ವಾಸ ಕಿರ್ಕೆಗೇಡ್ 14, ಹೋಲ್ಮೆವಿಗ್, ಡೆನ್ಮಾರ್ಕ್. ಈ ಮೂಲಕ ಪೊಲೀಸರಿಗೆ ತಿಳಿಸುವುದೇನೆಂದರೆ,

ಕಳೆದ ಗುರುವಾರ ಸಂಜೆ 4ಕ್ಕೆ ನಮ್ಮ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ದಡಾರ ರೋಗಿಯೊಬ್ಬರಿದ್ದರು. ಅಲ್ಲಿದ್ದ ಹತ್ತೊಂಬತ್ತು ಜನರಲ್ಲಿ ಹದಿನೆಂಟು ಮಂದಿಯನ್ನು ನಾನು ಹುಡುಕಿ ಮುಗಿಸಿದ್ದೆ. ಉಳಿದದ್ದು ನಾಲ್ಕು ತಿಂಗಳ ವಿಗ್ಗೋ. ಅವನಿಗೆ ಲಸಿಕೆಯ ವಯಸ್ಸಾಗಿಲ್ಲ. ಆರು ದಿನದೊಳಗೆ, ಅಂದರೆ ಇಂದು 4ರೊಳಗೆ, ಲಸಿಕೆಯ ಬದಲು ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಬೀಳಲೇಬೇಕಿತ್ತು. ತಾಯಿ ಟಿಲ್ಡೆ ಬ್ರಾಸ್ಕ್‌ಗೆ ಹನ್ನೊಂದು ಸಲ ಫೋನ್ ಮಾಡಿದ್ದೆ, ಎತ್ತಿರಲಿಲ್ಲ.

ಇಂದು ಮಧ್ಯಾಹ್ನ 2.50ಕ್ಕೆ ನೆರೆಮನೆಯವರು, ಅವಳು ಬೇಕರಿಯಲ್ಲಿದ್ದಾಳೆ ಎಂದರು. 3.05ಕ್ಕೆ ತಲುಪಿದೆ. ಮಕ್ಕಳನ್ನು ಹೊರಗಿನ ಗಾಳಿಯಲ್ಲಿ ಮಲಗಿಸುವ ನಮ್ಮೂರ ರೂಢಿಯಂತೆ, ಗೋಡೆಯುದ್ದಕ್ಕೂ ನಾಲ್ಕು ತಳ್ಳುಗಾಡಿಗಳಲ್ಲಿ ಮಕ್ಕಳು ಮಲಗಿದ್ದವು. ಒಳಗೆ ಟಿಲ್ಡೆ ಕಾಫಿ ಕುಡಿಯುತ್ತಿದ್ದಳು. ವಿಷಯ ಕೇಳಿ ಮುಖ ಬಿಳಿಚಿಕೊಂಡು, ಗೊತ್ತಿಲ್ಲದ ನಂಬರ್ ಅಂತ ಎತ್ತಲಿಲ್ಲ ಕಣ್ರೀ ಎಂದಳು. ಕಪ್ಪು ಗಾಡಿ, ಬೂದು ಹೊದಿಕೆ ಎಂದಳು. ಅವಳು ಕೋಟು ಹಾಕಿಕೊಳ್ಳುವಷ್ಟರಲ್ಲಿ ನಾನು ಬ್ರೇಕು ತೆಗೆದು ಗಾಡಿ ತಳ್ಳಿಯಾಗಿತ್ತು. ಅವಳು ಗಂಡನಿಗೆ ಫೋನ್ ಮಾಡುತ್ತ ಹಿಂದೆ ಓಡಿಬಂದಳು. ಮಲಗಿದ ಮಗುವಿನ ಹೊದಿಕೆಯನ್ನು ನಮ್ಮೂರಲ್ಲಿ ಯಾರೂ ಎತ್ತಿ ನೋಡುವುದಿಲ್ಲ. ನಾವೂ ನೋಡಲಿಲ್ಲ.

650 ಮೀಟರ್ ದೂರದ ಆಸ್ಪತ್ರೆಯಲ್ಲಿ 3.22ಕ್ಕೆ ಸೂಜಿ ಸಿದ್ಧಮಾಡಿ ಹೊದಿಕೆ ತೆಗೆದೆವು. ಒಳಗೆ ಬಾಯಿ ತೆರೆದು ಮಲಗಿದ್ದ, ಎರಡು ಹಲ್ಲಿನ ಹೆಣ್ಣುಮಗು. ಅಯ್ಯೋ, ಇದು ನಮ್ಮ ವಿಗ್ಗೋ ಅಲ್ಲ ರೀ, ಅವನಿಗೆ ಹಲ್ಲೇ ಬಂದಿಲ್ಲ ಎಂದು ಟಿಲ್ಡೆ ಅಲ್ಲೇ ಕುಸಿದಳು. ಸೂಜಿಮದ್ದನ್ನು ತಂಪು ಪೆಟ್ಟಿಗೆಗೆ ಹಾಕಿ, ಅವಳನ್ನು ಎಬ್ಬಿಸಿಕೊಂಡು, ಗಾಡಿ ಸಮೇತ ವಾಪಸ್ ಓಡಿದೆ. ಈ ವಯಸ್ಸಿನಲ್ಲಿ ಅಷ್ಟು ಓಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

3.38ಕ್ಕೆ ಬೇಕರಿಯೆದುರು ಇಬ್ಬರು ಪೊಲೀಸರೂ ಆ ಮಗುವಿನ ತಾಯಿ ರೋನ್ಯಾ ವಿಂಟರ್ ಕೂಡ ನಿಂತಿದ್ದರು. ಆಕೆ ನನ್ನ ಕಾಲರ್ ಹಿಡಿದು, ಮಗು ಕದಿಯೋಕೆ ಸರ್ಕಾರಿ ಕೋಟು ಬೇರೆ ಹಾಕ್ಕೊಂಡು ಬಂದಿದೀಯಾ ಎಂದು ಕೇಳಿದರು. ನಾಲ್ಕು ಗಂಟೆ ಆಗ್ಲಿ ತಾಯಿ, ಆಮೇಲೆ ಎಷ್ಟು ಹೊತ್ತು ಬೇಕಾದ್ರೂ ಹಿಡ್ಕೊಳ್ಳಿ ಎಂದು, ಕಾರಣ ಹೇಳಿದೆ. ಆಕೆ ತನ್ನ ಮಗುವನ್ನು ನೋಡಿದರು. ಅದು ಇನ್ನೂ ನಿದ್ದೆಯಲ್ಲೇ ಇತ್ತು. ಕಾಲರ್ ಬಿಟ್ಟರು.

ಗೋಡೆಯ ಬಳಿ ಅಂಥದೇ ಇನ್ನೊಂದು ಕಪ್ಪು ಗಾಡಿಯಲ್ಲಿ, ಅಂಥದೇ ಬೂದು ಹೊದಿಕೆಯಡಿ ಮಲಗಿದ್ದ ವಿಗ್ಗೋನನ್ನು ಎತ್ತಿ ಬೇಕರಿಯ ಬೆಂಚಿನ ಮೇಲೆ ಮಲಗಿಸಿದೆವು. ಟಿಲ್ಡೆ ಅವನ ತಲೆ ಹಿಡಿದುಕೊಂಡಳು. ಬೈಯೋದು ಇದ್ದೇ ಇದೆ, ಮೊದ್ಲು ಚುಚ್ಚಿ ಎಂದು ರೋನ್ಯಾ ಅವರೇ ಮಗುವಿನ ಕಾಲು ಹಿಡಿದರು. 3.52ಕ್ಕೆ ಮದ್ದು ಒಳಗೆ ಹೋಯಿತು. ವಿಗ್ಗೋ ಬೇಕರಿ ಹಾರಿಹೋಗುವಂತೆ ಅತ್ತ. ನಾನೂ ಅತ್ತೆ. ಸಂತೋಷಕ್ಕೆ.

ರೋನ್ಯಾ ಅವರು ದೂರು ವಾಪಸ್ ಪಡೆದಿಲ್ಲ. ಪಡೆಯಿರಿ ಎಂದು ನಾನು ಕೇಳುವುದೂ ಇಲ್ಲ. ನನ್ನ ಮಗುವನ್ನು ಯಾರಾದರೂ ಹಾಗೆ ತಳ್ಳಿಕೊಂಡು ಹೋಗಿದ್ದರೆ ನಾನು ಬರೀ ಕಾಲರ್ ಹಿಡಿದು ಬಿಡುತ್ತಿರಲಿಲ್ಲ.

ಇದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಹೋಲ್ಮೆವಿಗ್
ದಿನಾಂಕ: 8 ನವೆಂಬರ್ 2023, ಸಂಜೆ 5.30
ಸಹಿ: ಸೋಲ್ವೈ ಡಾಲ್ಗೋರ್