ಸಂಗೀತ ಸಂಜೆಯ ಬದಲಿಗೆ ಒಂದು ಫೆಲೋಶಿಪ್

ನಮ್ಮ ಕರಾವಳಿ ಕನ್ನಡ ಬಳಗವನ್ನು ಕುವೈತಿನ ಮರಳಿನಲ್ಲಿ ನೆಟ್ಟು ಬೆಳೆಸಿದವರೂ ಇಂದಿನ ಸಭೆಯ ಅಧ್ಯಕ್ಷರೂ ಆದ ಶ್ರೀ ಕಜೆಟನ್ ಅವರೇ, ಊರಿನ ವಿಶ್ವವಿದ್ಯಾಲಯದಿಂದ ವಿಮಾನ ಹತ್ತಿ ಬಂದಿರುವ ಮುಖ್ಯ ಅತಿಥಿ ಪ್ರೊಫೆಸರ್ ರತ್ನಾವತಿ ಅವರೇ, ಕಾರ್ಯಕಾರಿ ಸಮಿತಿಯ ಮಿತ್ರರೇ, ಮಹಬೂಲಾದಿಂದ ಬಸ್ಸು ಬದಲಿಸಿ ಬದಲಿಸಿ ಬಂದ ಬಂಧುಗಳೇ, ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿರುವ ಮಕ್ಕಳೇ, ಬಿರಿಯಾನಿಯ ವಾಸನೆ ಮೂಗಿಗೆ ಬಡಿದರೂ ಕುರ್ಚಿ ಬಿಡದ ನನ್ನ ಪ್ರೀತಿಯ ಸಭಿಕರೇ,

ಬಳಗದ ಕಾರ್ಯದರ್ಶಿಯಾದ ಮೋರಿಸ್ ಎಂಬ ನಾನು ಎರಡು ಮಾತು ಆಡಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. ನನ್ನ ಎರಡು ಮಾತು ಎಷ್ಟು ಉದ್ದವೆಂದು ನಿಮಗೆಲ್ಲ ಗೊತ್ತು. ಆದರೆ ಇವತ್ತು ನಾನು ಹಿಗ್ಗಿ ಹೋಗಿದ್ದೇನೆ, ಕ್ಷಮಿಸಿಬಿಡಿ. ಇಂದಿನ ವಾರ್ಷಿಕೋತ್ಸವದಲ್ಲಿ ನಿಮ್ಮ ಮುಂದೆ ಒಂದು ಠರಾವು ಇಡಲಿದ್ದೇನೆ. ಮುಂದಿನ ವರ್ಷ ಮುಂಬೈಯಿಂದ ಗಾಯಕರನ್ನು ಕರೆಸಿ ಮಾಡುವ ಸಂಗೀತ ಸಂಜೆಯನ್ನು ಬಿಟ್ಟುಬಿಡೋಣ. ಆ ಹಣದಿಂದ ನಮ್ಮ ಹುಡುಗಿ ಜುಮಾನಾಳ ಸಂಶೋಧನೆಗೆ ಒಂದು ಫೆಲೋಶಿಪ್ ಕೊಡೋಣ. ಕೊನೆಯಲ್ಲಿ ನೀವು ಕೈ ಎತ್ತಬೇಕು, ಅಥವಾ ಎತ್ತದೆ ಇರಬೇಕು.

ಜುಮಾನಾ ಯಾರು? ಅಲ್ ರಾಯ್ ಬಡಾವಣೆಯ ಪೀಠೋಪಕರಣಗಳ ಶೋರೂಮಿನಲ್ಲಿ ತಲೆಗೂದಲು ನರೆಯುವವರೆಗೆ ದುಡಿದ ನಮ್ಮ ಅಹ್ಮದ್ ಬಾವಾ ಅವರ ಮಗಳು. ಹುಟ್ಟಿದ್ದು ಇಲ್ಲಿ, ಮೈದಾನ್ ಹವಲ್ಲಿಯ ನಮ್ಮ ಎದುರಿನ ಫ್ಲ್ಯಾಟಿನಲ್ಲಿ. ಲಿಫ್ಟಿನಲ್ಲಿ ನನ್ನ ಮೊಣಕಾಲಿಗೆ ಢಿಕ್ಕಿ ಹೊಡೆಯುತ್ತಿದ್ದ ಮಗು ಊರಿಗೆ ಹೋಗಿ ಎಂ.ಎ. ಮಾಡಿತು, ಪ್ರೊಫೆಸರ್ ರತ್ನಾವತಿಯವರ ಕೈಕೆಳಗೆ ಪಿಎಚ್‌.ಡಿ.ಗೆ ಸೇರಿತು. ವಿಷಯ ಏನು ಗೊತ್ತೇ? ನಾವು. ಹೌದು ಸಭಿಕರೇ, ನೀವು ಮತ್ತು ನಾನು. ಕುವೈತಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಯಾವ ಭಾಷೆಯನ್ನು ಯಾರಿಂದ ಕಲಿಯುತ್ತಾರೆ, ಯಾರ ಜತೆ ಆಡುತ್ತಾರೆ, ಯಾವಾಗ ಬಿಡುತ್ತಾರೆ ಎಂಬುದು. ನಮ್ಮ ಮೇಲೆ ಇದುವರೆಗೆ ಪೊಲೀಸರು ಬಿಟ್ಟರೆ ಬೇರೆ ಯಾರಾದರೂ ಸಂಶೋಧನೆ ಮಾಡಿದ್ದುಂಟೇ?

ಮೊದಲ ಎರಡು ವರ್ಷ ಬಾವಾ ತಮ್ಮ ಸಂಬಳದಿಂದ ಓದಿಸಿದರು. ಕಳೆದ ಚಳಿಗಾಲದಲ್ಲಿ ಶೋರೂಮು ಕೈ ಬದಲಾಯಿತು. ಹೊಸ ಕಫೀಲ್, ಅಂದರೆ ವೀಸಾ ಕೊಡುವ ಮಾಲೀಕ, ಹಳಬರನ್ನೆಲ್ಲ ಕರೆದು ಒಂದೇ ಮಾತು ಹೇಳಿದ, ಖಲಾಸ್. ಆಮೇಲೆ ಶುರುವಾಯಿತು ನೋಡಿ, ನಮ್ಮ ಫೆಲೋಶಿಪ್ ಬೇಟೆ.

ನನಗೆ ಫೆಲೋಶಿಪ್ ಎಂದರೇನೆಂದು ತಿಳಿದಿತ್ತೇ? ಇಲ್ಲ. ಆದರೆ ಈ ಊರಿನಲ್ಲಿ ವಾಸದ ಪರವಾನಗಿಯಾದ ಇಕಾಮಾದಿಂದ ಹಿಡಿದು ಲೈಸೆನ್ಸಿನವರೆಗೆ ಯಾವ ಕೆಲಸಕ್ಕೂ ಒಂದು ವಾಸ್ತಾ ಬೇಕು, ಒಳಗಿನ ಒಬ್ಬ ದೊಡ್ಡವರ ಪರಿಚಯ ಬೇಕು ಎಂಬುದು ತಿಳಿದಿತ್ತು. ಅದರಲ್ಲಿ ನನ್ನನ್ನು ಮೀರಿಸುವವರುಂಟೇ? ಹಾಗಾಗಿ ನಾನು ಬ್ಯಾರಿಗಳ ಸಂಘ, ಕ್ಯಾಥಲಿಕರ ಸಂಘ, ಬಂಟರ ಸಂಘ, ಬಿಲ್ಲವರ ಸಂಘ, ಕ್ರಿಕೆಟ್ ಕ್ಲಬ್ಬು, ಎಲ್ಲ ಕಡೆಯಿಂದಲೂ ಲೆಟರ್‌ಹೆಡ್ಡಿನಲ್ಲಿ ಶಿಫಾರಸು ಬರೆಸಿದೆ. ‘ಈ ಹುಡುಗಿ ಒಳ್ಳೆಯ ಮನೆತನದವಳು, ನಮ್ಮ ಕ್ರೀಡಾಕೂಟದಲ್ಲಿ ಸ್ವಾಗತ ಭಾಷಣ ಮಾಡಿದ್ದಾಳೆ.’ ಕೆಳಗೆ ದುಂಡು ಮೊಹರು. ಅವನ್ನೆಲ್ಲ ಕಂಡು ಜುಮಾನಾ ಅರ್ಧ ನಗುತ್ತ ಅರ್ಧ ಅಳುತ್ತ ಹೇಳಿದಳು, “ಮೋರಿಸ್ ಅಂಕಲ್, ಅವರಿಗೆ ನಾನು ಯಾರ ಮಗಳು ಅಂತ ಬೇಡ. ಎಂತ ಹುಡುಕ್ತಾ ಇದ್ದೇನೆ ಅಂತ ಮಾತ್ರ ಬೇಕು.”

ಸರಿ, ಹಾಗೇ ಬರೆದು ಕಳಿಸಿದಳು. ಊರಿನ ಕಡೆಯ ಫೆಲೋಶಿಪ್‌ನವರು ಹೇಳಿದರು, ಹುಟ್ಟಿ ಓದಿದ್ದು ಗಲ್ಫಿನಲ್ಲಿ, ಆದ್ದರಿಂದ ನೀನು ಅನಿವಾಸಿ, ನಿನಗಿಲ್ಲ. ಇಲ್ಲಿಯವರು ಹೇಳಿದರು, ಇದು ಈ ದೇಶದ ಪ್ರಜೆಗಳಿಗೆ, ನಿನಗಿಲ್ಲ. ಯುರೋಪಿನ ಒಂದು ಟ್ರಸ್ಟಿನವರು ಬಹಳ ಮರ್ಯಾದೆಯಿಂದ ಬರೆದರು, ನಿನ್ನ ವಿಷಯ ಸೊಗಸಾಗಿದೆ, ಆದರೆ ನಾವು ಅಳಿವಿನಂಚಿನ ಭಾಷೆಗಳಿಗೆ ಮಾತ್ರ ಕೊಡುತ್ತೇವೆ, ನಿಮ್ಮ ಭಾಷೆಗಳು ಇನ್ನೂ ಅಷ್ಟು ಕೆಟ್ಟಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅವರನ್ನು ಕರೆತಂದು ನಮ್ಮ ಮನೆಯಲ್ಲಿ ಒಂದು ಶುಕ್ರವಾರದ ರಜೆಯಲ್ಲಿ ಕೂರಿಸಬೇಕಿತ್ತು. ಅಲ್ಲಿಗೂ ಸೇರದ, ಇಲ್ಲಿಗೂ ಸೇರದ ಹುಡುಗಿಗೆ ಹಣ ಕೊಡುವವರು ಯಾರು? ಅಲ್ಲಿಗೂ ಇಲ್ಲಿಗೂ ಸೇರದ ನಾವೇ ಅಲ್ಲವೇ? ಈ ಯೋಚನೆ ನನ್ನ ತಲೆಗೆ ಬಂದದ್ದು ಐದನೇ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ. ಸಂತೋಷಕ್ಕೆ ಹಾರ್ನ್ ಹೊಡೆದೆ. ಪಕ್ಕದ ಕಾರಿನವನು ಕಿಟಕಿ ಇಳಿಸಿ ಅರಬಿಯಲ್ಲಿ ಬೈದ. ಅದೂ ನನಗೆ ಆಶೀರ್ವಾದದಂತೆಯೇ ಕೇಳಿಸಿತು.

ಈ ತಿಂಗಳೊಳಗೆ ಖರ್ಚಿನ ದಾರಿ ತೋರಿಸದಿದ್ದರೆ ಜುಮಾನಾ ಸೀಟು ಬಿಡಬೇಕಾಗುತ್ತದೆ. ಪ್ರೊಫೆಸರ್ ಈಗಷ್ಟೇ ಅದನ್ನು ನಿಮಗೆ ಸ್ಪಷ್ಟವಾಗಿ ಹೇಳಿದ್ದಾರೆ. ಇಲ್ಲಿನ ಒಂದು ಶಾಲೆಯಲ್ಲಿ ಅವಳಿಗೆ ಟೀಚರ್ ಕೆಲಸ ಕಾದಿದೆ. ಕೆಲಸ ಒಳ್ಳೆಯದೇ. ಆದರೆ ಅವಳು ಮನೆ ಮನೆ ಸುತ್ತಿ, ಪುಟ್ಟ ರೆಕಾರ್ಡರ್ ಹಿಡಿದು ಸೇರಿಸಿದ ಮಕ್ಕಳ ಮಾತೆಲ್ಲ ಪೆಟ್ಟಿಗೆ ಸೇರುತ್ತದೆ.

ಇಷ್ಟಿದ್ದೂ ಸಮಿತಿಯಲ್ಲಿ ಅಡ್ಡಿ ಬಂತು. ಮುಚ್ಚಿಡುವುದಿಲ್ಲ. ನಾವು ಅವಳ ಮೊದಲ ಎರಡು ಅಧ್ಯಾಯ ತರಿಸಿ ಓದಿದೆವು. ಅದರಲ್ಲಿ ನಮ್ಮ ಬಳಗದ ಮೇಲೆಯೇ ಒಂದು ಭಾಗವಿದೆ. ವಾರ್ಷಿಕೋತ್ಸವದಲ್ಲಿ ಮಕ್ಕಳು ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ, ವೇದಿಕೆಯಿಂದ ಇಳಿದ ಕೂಡಲೇ ತಂದೆತಾಯಿಯೇ ಅವರ ಜತೆ ಇಂಗ್ಲಿಷಿಗೆ ಹೊರಳುತ್ತಾರೆ ಎಂದು ಬರೆದಿದ್ದಾಳೆ. ನಮ್ಮ ಖಜಾಂಚಿ ರೋಹಿದಾಸರು ಕೇಳಿದರು, “ಎಂತ ಮಾರಾಯ್ರೆ, ನಮ್ಮ ದುಡ್ಡಲ್ಲಿ ನಮ್ಮನ್ನೇ ಬೈಸಿಕೊಳ್ಳುದಾ?” ಪ್ರಶ್ನೆ ನ್ಯಾಯವಾದದ್ದೇ.

ಆ ಅಧ್ಯಾಯದಲ್ಲಿ ಒಂದು ಮಗುವಿನ ಮಾತು ಇದೆ. ಮನೆಯಲ್ಲಿ ಅಪ್ಪ ಆಡುವುದು ಯಾವ ಭಾಷೆ ಎಂದು ಕೇಳಿದ್ದಕ್ಕೆ ಅದು ಹೇಳಿದೆ, “ಡ್ಯಾಡಾ? ಕೊಂಕಣಿ ಫಾರ್ ಫೈಟಿಂಗ್ ವಿತ್ ಮಮ್ಮಿ. ಇಂಗ್ಲಿಷ್ ಫಾರ್ ಅಸ್. ಕನ್ನಡ ಫಾರ್ ದ ಮೈಕ್.” ಇದನ್ನು ಓದಿದ ಒಬ್ಬ ಹಿರಿಯ ಸದಸ್ಯರಿಗೆ ಬಹಳ ನೋವಾಯಿತು. ಹೆಸರು ಹೇಳುವುದಿಲ್ಲ. ಬಳಗಕ್ಕಾಗಿ ತನ್ನ ಶುಕ್ರವಾರಗಳನ್ನೆಲ್ಲ ಸವೆಸಿದ ಮನುಷ್ಯ. ಅವರು ಜುಮಾನಾಳನ್ನು ಕರೆದು, ಆ ಪುಟ ತೆಗೆದರೆ ಫೆಲೋಶಿಪ್ ಎಂದರು. ಅವಳು “ಹಾಗಾದ್ರೆ ಬೇಡ ಅಂಕಲ್” ಎಂದು ಹೊರಟೇ ಹೋದಳು. ಅಪ್ಪನಿಗೆ ಕೆಲಸವಿಲ್ಲ, ಕೈಯಲ್ಲಿ ಬೇರೆ ದಾರಿಯಿಲ್ಲ, ಆದರೂ ಬೇಡ ಎಂದಳು. ಆ ಸದಸ್ಯರು ಮನೆಗೆ ಬಂದು ಕೂಗಾಡಿದರು. ಅವರ ಹೆಂಡತಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗ ತಾನೇ ಬಂದವಳು, ಕಾಲಿನ ಶೂ ಬಿಚ್ಚುತ್ತ ಹೇಳಿದಳು, “ಮಗು ಹೇಳಿದ್ದು ಸುಳ್ಳಾ? ಸುಳ್ಳಾದರೆ ಪೇಜು ತೆಗೆಸಿ. ಸತ್ಯ ಆದರೆ ಸುಮ್ಮನೆ ಕೂತು ಊಟ ಮಾಡಿ.” ರೋಸಲಿನ್ ಯಾವಾಗಲೂ ಹಾಗೆಯೇ, ಇಂಜೆಕ್ಷನ್ ಕೊಡುವಾಗಲೂ ಮುನ್ಸೂಚನೆ ಕೊಡುವುದಿಲ್ಲ.

ಯಾಕೆ ನಗುತ್ತಿದ್ದೀರಿ? ಸದಸ್ಯರ ಹೆಸರು ಹೇಳುವುದಿಲ್ಲ ಎಂದಿದ್ದೆ, ಹೇಳಲಿಲ್ಲ. ಹೆಂಡತಿಯ ಹೆಸರು ಬಾಯಿಗೆ ಬಂತು, ಅಷ್ಟೇ. ರೋಸಲಿನ್, ನೀನೂ ನಗಬೇಡ. ನಮ್ಮ ಟೀನಾ ಮೂರನೇ ಸಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಮುಚ್ಚಿಕೊಳ್ಳಬೇಡ ಮಗಳೇ. ಆ ಅಧ್ಯಾಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವಳು ನೀನೇ.

ಮಹನೀಯರೇ, ಮಹಿಳೆಯರೇ, ನಮಗೆ ಹೊಗಳಿಕೆ ಬೇಕಾದರೆ ಸ್ಮರಣಸಂಚಿಕೆ ಇದೆ, ಪ್ರತಿ ವರ್ಷ ನಮ್ಮ ಫೋಟೊ ನಾವೇ ಹಾಕಿಸಿಕೊಳ್ಳುತ್ತೇವೆ. ಶಾಲು ಇದೆ, ಹಣ್ಣಿನ ಬುಟ್ಟಿ ಇದೆ. ನಮ್ಮ ಮನೆಯೊಳಗೆ ನಿಜವಾಗಿ ಏನು ನಡೆಯುತ್ತಿದೆ ಎಂದು ಹೇಳುವವರು ಎಲ್ಲಿದ್ದಾರೆ? ಸಿಕ್ಕಿದ್ದಾಳೆ, ನಮ್ಮ ಲಿಫ್ಟಿನಲ್ಲೇ ಸಿಕ್ಕಿದ್ದಾಳೆ. ಅವಳಿಗೆ ಕೊಡುವ ಹಣಕ್ಕೆ ಷರತ್ತು ಹಾಕಿದರೆ ಅದು ಫೆಲೋಶಿಪ್ ಆಗುವುದಿಲ್ಲ, ಜಾಹೀರಾತು ಆಗುತ್ತದೆ. ಆದ್ದರಿಂದ ಠರಾವು ಹೀಗಿದೆ. ಸಂಗೀತ ಸಂಜೆ ಇಲ್ಲ, ಫೆಲೋಶಿಪ್ ಇದೆ, ಷರತ್ತು ಒಂದೂ ಇಲ್ಲ. ಒಪ್ಪುವ ಸದಸ್ಯರು ಕೈ ಎತ್ತಬೇಕೆಂದು ವಿನಂತಿ.

ಅಯ್ಯೋ ದೇವರೇ, ರೋಹಿದಾಸರ ಕೈ ಮೇಲಿದೆ. ಮಹಬೂಲಾದವರೆಲ್ಲ ಎತ್ತಿದ್ದೀರಿ. ಕಾಸಿಂ ಕುಂಞಿಯವರೇ, ನೀವು ಎರಡು ಕೈ ಎತ್ತಿದ್ದೀರಿ, ಒಂದೇ ಲೆಕ್ಕಕ್ಕೆ. ಬಾವಾ, ಕಣ್ಣು ಒರೆಸಿಕೊಂಡು ನೀವೂ ಎತ್ತಿ, ನೀವೂ ಸದಸ್ಯರೇ. ಅಧ್ಯಕ್ಷರೇ, ಇನ್ನು ಎಣಿಸುವುದಕ್ಕೆ ಏನೂ ಉಳಿದಿಲ್ಲ, ಠರಾವು ಅಂಗೀಕಾರವಾಗಿದೆ. ಜುಮಾನಾ, ಕೇಳಿಸಿತಾ, ಸೀಟು ಬಿಡಬೇಕಾಗಿಲ್ಲ.

ಮೂರನೇ ಸಾಲಿನಲ್ಲಿ ಇನ್ನೊಂದು ಸಣ್ಣ ಕೈ ಮೇಲಿದೆ. ಟೀನಾ, ಮಕ್ಕಳಿಗೆ ಮತ ಇಲ್ಲ, ಕೈ ಇಳಿಸು.

ಸಭಿಕರೇ, ಅವಳು ಏನೆಂದಳೆಂದು ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ. “ನಾನು ಇಳಿಸುದಿಲ್ಲ” ಎಂದಳು. ಕನ್ನಡದಲ್ಲಿ, ನನ್ನ ಮಗಳು, ನನಗೆ. ಹನ್ನೊಂದು ವರ್ಷದಲ್ಲಿ ನಾನು ಅವಳಿಗೆ ಒಂದು ದಿನವೂ ಕನ್ನಡ ಕಲಿಸಿದವನಲ್ಲ, ರೋಸಲಿನ್‌ಗೆ ಡ್ಯೂಟಿ ಮುಗಿದರೆ ಸಾಕಾಗಿರುತ್ತದೆ, ಶಾಲೆಯಲ್ಲಿ ಆ ಭಾಷೆಯೇ ಇಲ್ಲ. ಹಾಗಾದರೆ ಇವಳು ಎಲ್ಲಿಂದ ಕಲಿತಳು, ಯಾರಿಂದ ಕಲಿತಳು? ನನಗೆ ಗೊತ್ತಿಲ್ಲ. ಜುಮಾನಾ, ನಿನ್ನ ಫೆಲೋಶಿಪ್ ಈಗಿಂದೀಗಲೇ ಶುರುವಾಯಿತು. ದಯವಿಟ್ಟು ಅದನ್ನು ಹುಡುಕಿ ನನಗೆ ಹೇಳು.

ಕೈ ಎತ್ತಿದ ನಿಮಗೆಲ್ಲ, ಇಳಿಸದ ನನ್ನ ಮಗಳಿಗೂ, ಮನಸಾರೆ ವಂದನೆಗಳು. ನಮಸ್ಕಾರ.