ಮುಂದಿನ ಮಾತು ಹೇಳಿದವನು

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಹೊಲಮನೆಯ ಶ್ರೀಮಂತನಲ್ಲ, ಮಾತಿನ ಶ್ರೀಮಂತ. ಊರು ಬೆಟಗೇರಿ, ಹೆಸರು ದೇವಪುತ್ರಪ್ಪ, ಕೆಲಸ ಬಸ್ ಕಂಡಕ್ಟರ್. ಅವನ ಬಸ್ಸು ಹತ್ತಿದವರಿಗೆ ದಾರಿ ಸವೆದದ್ದೇ ತಿಳಿಯುತ್ತಿರಲಿಲ್ಲ. ಅಳುವ ಕೂಸನ್ನು ನಗಿಸುತ್ತಿದ್ದ. ಸೀಟಿಗಾಗಿ ಕಚ್ಚಾಡುವ ಇಬ್ಬರನ್ನು ಅದೇ ಸೀಟಿನಲ್ಲಿ ಒತ್ತಿ ಕೂರಿಸಿ, ಇಳಿಯುವಷ್ಟರಲ್ಲಿ ಬೀಗರನ್ನಾಗಿ ಮಾಡುತ್ತಿದ್ದ. ಮನೆಗೆ ಬಂದರೆ ಹೆಂಡತಿ ಮಾರ್ಥವ್ವನಿಗೆ ಇಡೀ ದಿನದ ಕಥೆ.

"ಸಾಕ್ರಿ, ಬಾಯಿಗೆ ಒಂದೀಟ ರಜಾ ಕೊಡ್ರಿ!" ಎನ್ನುತ್ತಿದ್ದಳು ಅವಳು.

ನೋಡಿ, ನಾವು ಸಾಕು ಸಾಕು ಎನ್ನುವುದು ಎಷ್ಟು ದೊಡ್ಡ ವರವೆಂದು ನಮಗೆ ಯಾವಾಗ ತಿಳಿಯುತ್ತದೆ?

ನಿವೃತ್ತಿಗೆ ಎರಡು ವರ್ಷವಿರುವಾಗ ದೇವಪುತ್ರಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು. ಮಾತು ಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಒಂದು ಶಬ್ದ: "ಇಲ್ಲ." ಚಹಾ ಬೇಕೇ ಎಂದರೆ "ಇಲ್ಲ" ಎನ್ನುತ್ತ ಕೈ ಚಾಚುತ್ತಿದ್ದ. ನೋವಿದೆಯೇ ಎಂದರೆ "ಇಲ್ಲ" ಎನ್ನುತ್ತ ಅಳುತ್ತಿದ್ದ. ತಲೆಯೊಳಗೆ ಎಲ್ಲವೂ ಇದೆ, ನಾಲಿಗೆಗೆ ಬರುತ್ತಿಲ್ಲ. ಆ ಸಂಕಟಕ್ಕೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ.

ಆ ಮನೆಯಲ್ಲಿ ಒಂದು ಪ್ರಾರ್ಥನೆ ನಡೆದುಬಂದಿತ್ತು. ದೇವಪುತ್ರಪ್ಪನ ತಾಯಿ, ಅಕ್ಷರ ಬಾರದವಳು, ತನ್ನ ಮಕ್ಕಳಿಗಾಗಿ ತಾನೇ ಜೋಡಿಸಿದ ನಾಲ್ಕು ಮಾತು ಅದು. ತೊದಲು ನುಡಿಯುವ ಕಾಲದಿಂದ ಅವನು ದಿನಾ ಬೆಳಿಗ್ಗೆ ಅದನ್ನು ಹೇಳಿದ್ದ, ಮದುವೆಯಾದ ಮೇಲೆ ಮಾರ್ಥವ್ವನಿಗೂ ಕಲಿಸಿದ್ದ. "ಕರ್ತನೇ, ಬೆಳಗು ಕೊಟ್ಟಿ, ಸ್ತೋತ್ರ. ಉಣ್ಣುವ ರೊಟ್ಟಿ ನಿನ್ನದು. ನಮ್ಮ ತಪ್ಪು ಎಣಿಸಬೇಡ. ನಮ್ಮ ಕೈ ಬಿಡಬೇಡ. ಆಮೆನ್."

ಈಗ ಮಾರ್ಥವ್ವ ಒಬ್ಬಳೇ ಅದನ್ನು ಹೇಳಬೇಕು. ಹೇಳಿದಳು. ಸಂತೋಷದಿಂದ ಹೇಳಿದಳೇ? ಇಲ್ಲ. ಭಕ್ತಿಯಿಂದ? ಅದೂ ಇಲ್ಲ. ಸಿಟ್ಟಿನಿಂದ ಹೇಳಿದಳು. "ನಿನಗ ಕೇಳಸ್ತದೋ ಇಲ್ಲೋ ನನಗ ಗೊತ್ತಿಲ್ಲ, ಸ್ವಾಮಿ. ಆದ್ರ ನಾ ಬಿಡೂದಿಲ್ಲ," ಎಂದು ದೇವರನ್ನೇ ಗದರಿಸಿ, ಗಂಡನ ಎದುರು ಕೂತು, ಗಟ್ಟಿಯಾಗಿ ಹೇಳಿದಳು. ಒಂದು ದಿನವಲ್ಲ, ಒಂದು ವಾರವಲ್ಲ. ಏಳು ತಿಂಗಳು.

ಏಳನೆಯ ತಿಂಗಳಲ್ಲಿ ಅವನು ಎಸೆದ ತಾಟು ಅವಳ ಹುಬ್ಬಿಗೆ ಬಡಿಯಿತು. ರಕ್ತ ಸುರಿಯಿತು. ಸುದ್ದಿ ಕೇಳಿ ಅವನ ತಂಗಿ ತನ್ನೂರಿಂದ ಓಡಿ ಬಂದಳು. "ವೈನಿ, ಸಾಕಿನ್ನ. ಅಣ್ಣನ್ನ ನಮ್ಮೂರಿಗೆ ಕಳಸ್ರಿ. ಅಲ್ಲೆ ಹಿಡ್ಯಾಕ ಗಂಡಸರರ ಅದಾರ. ನಿಮ್ಮ ಮಾರಿ ನೋಡ್ಕೋರಿ, ಹೆಂಗಾಗೇದ!"

ಮಾರ್ಥವ್ವ ಕನ್ನಡಿ ನೋಡಲಿಲ್ಲ. "ಶನಿವಾರ ಬಂದು ಕರಕೊಂಡ ಹೋಗವಾ," ಎಂದಳು.

ಅವಳ ಬಗ್ಗೆ ತೀರ್ಪು ಮಾಡಬೇಡಿ. ನೀವಾಗಿದ್ದರೆ ಏಳು ತಿಂಗಳು ತಾಳುತ್ತಿದ್ದಿರಾ?

ಶನಿವಾರ ಬೆಳಿಗ್ಗೆ ಅವನ ಅಂಗಿ, ಔಷಧಿ ಎಲ್ಲ ಚೀಲಕ್ಕೆ ತುಂಬಿದಳು. ಕೊನೆಯ ಸಲ ಎಂದು ಅವನೆದುರು ಕೂತಳು. "ಕರ್ತನೇ, ಬೆಳಗು ಕೊಟ್ಟಿ, ಸ್ತೋತ್ರ. ಉಣ್ಣುವ ರೊಟ್ಟಿ ನಿನ್ನದು. ನಮ್ಮ ತಪ್ಪು ಎಣಿಸಬೇಡ..."

ಅಲ್ಲಿಗೆ ನಿಂತಿತು. ಮುಂದಿನ ಮಾತು ಯಾವುದು? ನಿಮಗೆ ಗೊತ್ತು. ಅವಳಿಗೂ ಗೊತ್ತಿತ್ತು. ಗಂಡನನ್ನು ಕಳಿಸಲು ಚೀಲ ಕಟ್ಟಿಟ್ಟವಳು ಆ ಮಾತನ್ನು ಯಾವ ಬಾಯಿಂದ ಹೇಳಬೇಕು? ಗಂಟಲು ಕಟ್ಟಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಗ ಎದುರಿನಿಂದ ಒಂದು ದನಿ ಬಂತು. ಒರಟು ದನಿ, ತುಕ್ಕು ಹಿಡಿದ ಬಾಗಿಲು ಸರಿದಂತೆ. "ನಮ್ಮ... ಕೈ... ಬಿಡಬೇಡ. ಆಮೆನ್."

ಮಾರ್ಥವ್ವ ಸೆರಗು ತೆಗೆದಳು. ದೇವಪುತ್ರಪ್ಪ ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆರಗಾಗಿ ಕೂತಿದ್ದ.

"ಇನ್ನೊಮ್ಮೆ ಅನ್ರಿ!"

"ಇಲ್ಲ," ಎಂದ.

ಅವಳು ಅಳುತ್ತಲೇ ನಕ್ಕಳು. ಮತ್ತೆ ಮೊದಲಿನಿಂದ ಪ್ರಾರ್ಥನೆ ಹಿಡಿದಳು. ಅವನು ಅವಳ ದನಿಯ ಬೆನ್ನು ಹತ್ತಿ ನಾಲ್ಕೂ ಮಾತು ಹೇಳಿದ. ನಾದಿನಿ ಬಂದು ಬಾಗಿಲಲ್ಲಿ ನಿಂತಾಗ ಇಬ್ಬರೂ ಏಳನೆಯ ಸಲವೋ ಎಂಟನೆಯ ಸಲವೋ ಹೇಳುತ್ತಿದ್ದರು.

"ಚೀಲ ತಗೊಳ್ಳೇನ್ರಿ, ವೈನಿ?"

"ಬಿಚ್ಚವಾ ಅದನ್ನ," ಎಂದಳು ಮಾರ್ಥವ್ವ. "ಇವರು ಎಲ್ಲೂ ಹೋಗೂದಿಲ್ಲ."

ಹುಬ್ಬಳ್ಳಿಯ ಡಾಕ್ಟರರು ಹೇಳಿದರು: "ಹೊಸದಾಗಿ ಮಾತಾಡೋ ಶಕ್ತಿ ಹೋದ್ರೂ, ಸಣ್ಣವರಿದ್ದಾಗಿಂದ ಬಾಯಿಪಾಠ ಆದದ್ದು ಕೆಲವರಿಗೆ ಉಳೀತದಮ್ಮ. ದಿನಾ ಹೇಳಸ್ರಿ." ಹೇಳಿಸಿದಳು. ಅವನಿಗೆ ಮೊದಲಿನ ಮಾತು ಬಂತೇ? ಬರಲಿಲ್ಲ. ಕೈ ಎದ್ದಿತೇ? ಏಳಲಿಲ್ಲ. ಆದರೆ ಹಸಿವಾದರೆ ಈಗ ತಾಟು ಹಾರುವುದಿಲ್ಲ. "ರೊಟ್ಟಿ ನಿನ್ನದು," ಎನ್ನುತ್ತಾನೆ. ಚಹಾ ಚೆಲ್ಲಿದರೆ ಹೆಂಡತಿಯ ಮುಖ ನೋಡಿ, "ತಪ್ಪು ಎಣಿಸಬೇಡ," ಎನ್ನುತ್ತಾನೆ. ಅವಳು ಬಿದ್ದು ಬಿದ್ದು ನಗುತ್ತಾಳೆ. ಅವನೂ ನಗುತ್ತಾನೆ. ಅಕ್ಕಪಕ್ಕದವರು ಕೇಳುತ್ತಾರೆ, ಲಕ್ವಾ ಹೊಡೆದ ಮನೆಯಲ್ಲಿ ಇಷ್ಟು ನಗು ಎಲ್ಲಿಂದ ಬಂತು?

ಕಷ್ಟ ತೀರಿದ ಮೇಲೆ ಬರುವ ಸಂತೋಷಕ್ಕೆ ಪ್ರಾರ್ಥನೆ ಯಾಕೆ ಬೇಕು, ಪ್ರಿಯರೇ? ಅದು ಯಾರಿಗಾದರೂ ಬರುತ್ತದೆ. ಕ್ರಿಸ್ತನು ಕೊಡುವುದು ಕಷ್ಟದ ನಡುಮನೆಯಲ್ಲೇ ಬಂದು ಕೂರುವ ಸಂತೋಷ.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಎಲ್ಲರೂ ಕೂಡಿ, ಬಾಯಿಬಿಟ್ಟು ಪ್ರಾರ್ಥಿಸಿ ಎಷ್ಟು ದಿನವಾಯಿತು? "ಅಯ್ಯನೋರ, ಮನಸ್ಸ ಬರೂದಿಲ್ರಿ," ಎನ್ನುತ್ತೀರಿ. ಮಾರ್ಥವ್ವನಿಗೆ ಬಂದಿತ್ತೇ? ಮನಸ್ಸು ಬರಲಿಲ್ಲ, ಆದರೂ ಅವಳು ಬಂದು ಕೂತಳು. ನಾಳೆ ಬೆಳಿಗ್ಗೆ ಒಲೆ ಆರಿಸಿ, ಫೋನು ಮಗುಚಿಟ್ಟು, ಮನೆಮಂದಿಯನ್ನೆಲ್ಲ ಕರೆಯಿರಿ. ಮುನಿಸಿಕೊಂಡವರನ್ನೂ ಕರೆಯಿರಿ. ಹಾಸಿಗೆ ಹಿಡಿದವರಿದ್ದರೆ ಅವರ ಹಾಸಿಗೆಯ ಸುತ್ತಲೇ ಕೂರಿ. ಸಿಟ್ಟು ಬಂದಿದ್ದರೆ ಸಿಟ್ಟಿನಿಂದಲೇ ಹೇಳಿ, ಆದರೆ ಗಟ್ಟಿಯಾಗಿ ಹೇಳಿ. ನಾಡಿದ್ದೂ ಹೇಳಿ. ಬಿಡಬೇಡಿ.

ಒಂದು ದಿನ ನಿಮ್ಮ ಗಂಟಲೂ ಕಟ್ಟುತ್ತದೆ. ಆ ದಿನ ಮುಂದಿನ ಮಾತು ಹೇಳುವವರು ನಿಮ್ಮ ಎದುರಿಗೆ ಇರಬೇಕಲ್ಲವೇ? ಹಾಗಾದರೆ ಇಂದಿನಿಂದಲೇ ಅವರ ಜೊತೆ ಕೂತು ಅದನ್ನು ಹೇಳಿ.