ಐನೂರು ಕಿಲೋಮೀಟರ್ ಓಡುವ ಕಾರು

ಎಲೆಕ್ಟ್ರಿಕ್ ಕಾರುಗಳನ್ನು ಚಾರ್ಜ್ ಮಾಡುವ ಜಾಗದಲ್ಲಿ ನನ್ನ ಸರದಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದೆ. ನನಗಿಂತ ಮುಂದೆ ಇದ್ದದ್ದು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಒಬ್ಬ ನರ್ಸಮ್ಮ. ಹೊಸ ಕಾರಿನ ಪಕ್ಕ ನಿಂತಿದ್ದ ಹಿರಿಯರೊಬ್ಬರ ಹತ್ತಿರ ಆಕೆಯೇ ಮಾತು ತೆಗೆದರು.

“ಯಜಮಾನ್ರೇ, ತೊಂಬತ್ತೈದು ಪರ್ಸೆಂಟ್ ತೋರಿಸ್ತಿದೆ. ಎಂಬತ್ತಾದ್ಮೇಲೆ ಹಿಂದಿನವರಿಗೆ ಬಿಟ್ಕೊಡ್ಬೇಕಲ್ವಾ? ನಂಗಿನ್ನೂ ಮೂರು ಮನೆ ಇದೆ.”

“ಬಿಡ್ತೀನಿ ತಾಯಿ, ತಪ್ಪಾಯ್ತು. ಬಂದಾಗ್ಲೇ ತೊಂಬತ್ತಿತ್ತು.”

“ತೊಂಬತ್ತಿದ್ದೂ ಬಂದ್ರಾ? ದೂರ ಎಲ್ಲಿಗಾದ್ರೂ ಹೊರಟಿದ್ದೀರಾ?”

“ಇಲ್ಲ. ಮನೆ ಇಲ್ಲೇ, ಎರಡು ಕಿಲೋಮೀಟರ್.”

“ಈ ಕಾರು ಒಂದ್ಸಲ ತುಂಬಿಸಿದ್ರೆ ಐನೂರು ಓಡುತ್ತಂತೆ.”

“ಓಡುತ್ತಂತೆ. ನಾನು ಓಡಿಸಿ ನೋಡಿಲ್ಲ.”

“ಹಿಂದಿನ ಸೀಟಿನ ಪ್ಲಾಸ್ಟಿಕ್ಕೂ ತೆಗೆದಿಲ್ಲ ನೀವು.”

“ಕೂರೋರು ಬರ್ಲಿ, ತೆಗೀತೀನಿ. ಹಿಂದೆ ಕಾಲು ಚಾಚಿ ಕೂರೋಷ್ಟು ಜಾಗ ಇದೆ ಅಂತಲೇ ಇದನ್ನ ಆರಿಸಿದ್ದು.”

“ಮನೇಲೇ ಒಂದು ಚಾರ್ಜರ್ ಹಾಕಿಸ್ಕೊಳ್ಳಿ. ಇಷ್ಟಕ್ಕೆಲ್ಲ ಇಲ್ಲಿಗೆ ಬಂದು ಕಾಯೋದ್ಯಾಕೆ?”

“ಹಾಕ್ಸಿದೀನಿ. ಮೊದಲ ತಿಂಗಳು ಅಲ್ಲೇ ತುಂಬಿಸ್ತಿದ್ದೆ. ಇಲ್ಲಿಗೆ ಬಂದ್ರೆ ಯಾರಾದ್ರೂ ಎಷ್ಟಾಯ್ತು ಅಂತ ಕೇಳ್ತಾರೆ.”

ಕೈಗಡಿಯಾರ ನೋಡಿಕೊಳ್ಳುತ್ತಿದ್ದ ನರ್ಸಮ್ಮ ಕೈ ಇಳಿಸಿದರು. ಹಿರಿಯರು ಕೇಬಲ್ ತೆಗೆದು, ಅದರ ಹಿಡಿಯನ್ನು ಕರ್ಚೀಫಿನಿಂದ ಒರೆಸಿ ಆಕೆಯ ಕೈಗೆ ಕೊಟ್ಟು, ಕಾರು ಹತ್ತಿದರು. ಆಕೆ ಕಿಟಕಿಯ ಹತ್ತಿರ ಬಗ್ಗಿದರು.

“ಕೊನೆಗೆ ಎಷ್ಟಾಯ್ತು, ಯಜಮಾನ್ರೇ?”

“ತೊಂಬತ್ತಾರು,” ಎಂದರು ಅವರು.

ಕಾರು ಒಂದಿಷ್ಟೂ ಸದ್ದು ಮಾಡದೆ ಹೊರಟುಹೋಯಿತು.